ಟಾಂಗಾ ಚಾಚಾರ ಎರಡು ಬೆರಳು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸದಾ ಬೂದಿ ಬಣ್ಣಕ್ಕಿರುತ್ತಿದ್ದವು. ಉಳಿದ ಕೈಯೆಲ್ಲ ಲಗಾಮು ಹಿಡಿದು ಹಿಡಿದು ಕಪ್ಪಾಗಿ, ಹಳೆಯ ಚಪ್ಪಲಿಯ ಅಟ್ಟೆಯಂತೆ ಗಡುಸಾಗಿತ್ತು. ಆ ಎರಡು ಬೆರಳು ಮಾತ್ರ ಅಕ್ಕಸಾಲಿಗನ ಬೆರಳು. ಸೋಸಿದ ಕುಳ್ಳಿನ ಬೂದಿಯಲ್ಲಿ ಅವನ್ನು ಅದ್ದಿ, ಎಡಗೈಯಿಂದ ನಾಯಿಯ ಬೆನ್ನಿನ ಚರ್ಮವನ್ನು ಬಿಗಿಯಾಗಿ ಹಿಡಿದು, ಮೂರೋ ನಾಲ್ಕೋ ಕೂದಲನ್ನು ಚಿವುಟಿ, ಅದು ಬೆಳೆದ ದಿಕ್ಕಿಗೇ ಎಳೆಯುತ್ತಿದ್ದರು. ಒಡೆದ ಕಾಯಿಯಿಂದ ಹತ್ತಿ ಬಿಡಿಸಿದಷ್ಟು ಸಲೀಸಾಗಿ ಕೂದಲು ಕೈಗೆ ಬರುತ್ತಿತ್ತು. ನಾಯಿ ಕಣ್ಣು ಅರೆಮುಚ್ಚಿ ನಿಂತಿರುತ್ತಿತ್ತು.

ರಾಯಚೂರಿನ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದ ಅವರನ್ನು ನಾವೆಲ್ಲ ಟಾಂಗಾ ಚಾಚಾ ಎನ್ನುತ್ತಿದ್ದೆವು. ನಾನು ಸೊಸೆಯಾಗಿ ಆ ಊರಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮವರು ನೀರಾವರಿ ಆಫೀಸಿನಲ್ಲಿ ಗುಮಾಸ್ತರು. ಕಾಲುವೆ ಕೆಲಸಕ್ಕೆ ಬಂದಿದ್ದ ದೂರದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ನಾಯಿಯನ್ನು ಇವರ ಕೈಗೆ ಒಪ್ಪಿಸಿ ಹೋಗಿದ್ದರು. ಟೆರಿಯರ್ ಜಾತಿ. ಮೊಳಕಾಲೆತ್ತರ, ಬಿಳಿ ಮೈಮೇಲೆ ಕಂದು ಮಚ್ಚೆ, ಮುದುಕರ ಹಾಗೆ ಗಡ್ಡ, ಹುಬ್ಬು. ಮೈಕೂದಲು ತಂತಿಯಷ್ಟು ಬಿರುಸು. ನಮ್ಮ ಅತ್ತೆಯವರು ಅದನ್ನು ಮೊದಲ ಸಲ ನೋಡಿ, "ಛಲೋ ಆತು, ಮುಸುರಿ ತಿಕ್ಕಲಿಕ್ಕೆ ನಾರು ತರೋದು ಉಳೀತು" ಎಂದಿದ್ದರಂತೆ. ಮನೆಯೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಹಿತ್ತಲು, ಬೇವಿನ ಮರ, ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ, ಇಷ್ಟು ಅದರ ರಾಜ್ಯ.

ರಾಯಚೂರಿನ ಬಿಸಿಲಿಗೆ ಪಾಪ ಬೇಯುತ್ತದೆಂದು ನಮ್ಮವರು ಕ್ಷೌರದವನನ್ನು ಕರೆಸಿ ಮಷೀನು ಹಚ್ಚಿಸಿದರು. ಅಲ್ಲಿಂದ ಕಷ್ಟ ಶುರುವಾಯಿತು. ಮುಂದೆ ಬಂದ ಕೂದಲು ತಂತಿಯಲ್ಲ, ಅರಳೆ. ಮುಳ್ಳು, ಜಾಲಿಕಾಯಿ ಸಿಪ್ಪೆ, ಉಣ್ಣಿ ಎಲ್ಲ ಅದರಲ್ಲಿ ಸಿಕ್ಕು, ಅಡಿಯಲ್ಲಿ ಚರ್ಮ ಕೆಂಪಾಗಿ ಕೀವು ತುಂಬಿತು. ನಾಯಿ ಗೋಡೆಗೆ ಮೈ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಳ್ಳುತ್ತಿತ್ತು.

ಒಂದು ಏಕಾದಶಿಯ ಮರುದಿನ ಅತ್ತೆಯವರನ್ನು ಗುಡಿಯಿಂದ ಕರೆತಂದ ಟಾಂಗಾದವರು ಕುದುರೆಗೆ ನೀರು ಕೇಳಲು ಹಿತ್ತಲಿಗೆ ಬಂದರು. ನಾಯಿಯನ್ನು ಕಂಡವರೇ ಬಕೆಟ್ ಕೆಳಗಿಟ್ಟರು.

"ಕತ್ತರಿ ಹಚ್ಚೀರೇನ್ರಿ ಇದಕ್ಕ?"

"ಮಷೀನು ಹಚ್ಚಿಸಿದ್ರು" ಎಂದೆ.

"ತಪ್ಪು ಮಾಡೀರಿ ಬಾಯಾರ. ಇದು ಕತ್ತರಿ ಕೂದಲಲ್ಲ, ಚಿವುಟೋ ಕೂದಲ. ಕುದುರಿ ಜೂಲನೂ ಹಿಂಗs. ಕತ್ತರಿಸಿದ್ರ ಸತ್ತ ಬೇರು ಒಳಗs ಉಳೀತದ, ಮ್ಯಾಲ ಅರಳಿ ಬೆಳೀತದ."

ಅವರ ಊರು ದೇವದುರ್ಗದ ಕಡೆಯ ಮಸರಕಲ್. ನಿಜಾಮರ ಕಾಲದ ಕೊನೆಗೆ ದೇವದುರ್ಗದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರಂತೆ. ಆ ಸಾಹೇಬರಲ್ಲಿ ಇಂಥದೇ ಗಡ್ಡದ ನಾಯಿ ಎರಡಿದ್ದವು. ಸಾಹೇಬರೇ ಕೂತು ಕಲಿಸಿದ್ದು. ಕಾಲ ಬದಲಾಗಿ ಲಾಯ ಮುಚ್ಚಿತು, ಕೈಗೆ ಬಂದ ವಿದ್ಯೆ ಮಾತ್ರ ಇಪ್ಪತ್ತೈದು ವರ್ಷ ಕೆಲಸವಿಲ್ಲದೆ ಕೂತಿತ್ತು. ಅದಕ್ಕೇ ಇರಬೇಕು, ನಾನು ಕೇಳುವ ಮೊದಲೇ, "ಜುಮ್ಮಾ ಬಿಟ್ಟು ಯಾವ ದಿನಾ ಆದ್ರೂ ಬರ್ತೀನ್ರಿ, ಚಂದ ಮಾಡಿ ಕೊಡ್ತೀನಿ" ಎಂದರು. ಬದಲಿಗೆ ಕುದುರೆಗೆ ಒಂದು ಪುಟ್ಟಿ ಕಡಲೆ ಹೊಟ್ಟು ಸಾಕೆಂದರು.

ಕೂದಲಿಗೆ ಹಳೆಯ ಬಿರುಸು ಮತ್ತೆ ಬರಲು ಎರಡು ವರ್ಷ ಹಿಡಿಯಿತು. ಅವರಿಗೆ ಅವಸರವೇ ಇರಲಿಲ್ಲ. ಒಂದು ದಿನ ಕುತ್ತಿಗೆ, ಇನ್ನೊಂದು ದಿನ ಬೆನ್ನು. ಹೊಟ್ಟೆಯಡಿಯ ಮೆತ್ತನೆ ಜಾಗಕ್ಕೆ ಬೆರಳು ಹಚ್ಚುತ್ತಿರಲಿಲ್ಲ, ಅಲ್ಲಿ ಸಣ್ಣ ಕತ್ತರಿ. ಕಿವಿ ಎಲ್ಲಕ್ಕೂ ಕೊನೆಗೆ. ಕೂದಲು ತೆಗೆದ ಮೇಲೆ ಮೂರು ದಿನ ನೀರು ತಾಗಿಸಬಾರದು, ಉಣ್ಣಿ ಬಿದ್ದಲ್ಲಿ ಬೇವಿನೆಣ್ಣೆ. ನಾಯಿಗೆ ಅವರಿಟ್ಟ ಹೆಸರು ಬುಡ್ಢಾ, ಅಂದರೆ ಮುದುಕ. "ಕೈಕು ಹಿಲ್ತಾ ರೇ ಬುಡ್ಢೇ, ಮದಿವಿಗೆ ಹೊಂಟೀಯೇನು?" ಎಂದು ಗದರಿದರೆ ಅದು ಅಲುಗಾಡುವುದು ಬಿಟ್ಟು ಕಲ್ಲಿನಂತೆ ನಿಲ್ಲುತ್ತಿತ್ತು. ಪ್ರತಿ ಸಲ ಒಂದೆರಡು ಕೂದಲು ಹಿಡಿದು ನೋಡಿ, ಬಾರದಿದ್ದರೆ ಬಿಟ್ಟುಬಿಡುತ್ತಿದ್ದರು.

"ಸತ್ತದ್ದು ತಾನಾಗಿ ಬರ್ತದ್ರಿ. ಬರಲಿಲ್ಲಂದ್ರ ಇನ್ನೂ ಜೀವ ಅದ ಅಂತ. ಬೆರಳಿಗೆ ತಿಳೀತದ, ಕಣ್ಣಿಗಲ್ಲ."

ಅವರು ನಾಯಿಗೆ ಸ್ನಾನ ಮಾಡಿಸುತ್ತಿರಲಿಲ್ಲ. ನಾಯಿಯ ಹಸಿ ಬಾಯಿ ತಾಗಿದರೆ ಅವರ ನಮಾಜಿಗೆ ಅಡ್ಡಿ, ಒಣ ಕೂದಲಿಗೆ ದೋಷವಿಲ್ಲ. ಆದರೂ ಈ ಕೆಲಸಕ್ಕೆಂದೇ ಒಂದು ನೀಲಿ ಚೌಕಡಿ ಲುಂಗಿ ನಮ್ಮ ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿರುತ್ತಿತ್ತು. ಬಂದು ಉಟ್ಟುಕೊಳ್ಳುವುದು, ಹೋಗುವಾಗ ಬಿಚ್ಚಿಡುವುದು. ಮಡಿಯ ಉಣ್ಣೆ ಧಾಬಳಿ ಉಟ್ಟು ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದ ನಮ್ಮ ಅತ್ತೆಗೆ ಇದು ಬಹಳ ಮೆಚ್ಚು.

"ನಮ್ಮಲ್ಲೂ ಹಂಗs ನೋಡೋ ಸಾಬಾ. ಉಣ್ಣೀ ಅರಿವಿಗೆ ಮೈಲಿಗಿಲ್ಲ. ಅದಕ್ಕs ಈ ಧಾಬಳಿ."

"ಹಂಗಾದ್ರ ಬುಡ್ಢಾನೂ ಮಡೀಲೇ ಅದಾನ್ರಿ ದೊಡ್ಡ ಬಾಯಾರ! ಮೈತುಂಬ ಧಾಬಳಿ."

"ಸುಮ್ಮನಿರೋ, ನಿನ್ನ ಬಾಯಿಗಿಷ್ಟು ಬೂದಿ ಹಾಕಾ!" ಎಂದು ಅತ್ತೆ ನಗುತ್ತಿದ್ದರು. ನಕ್ಕರೂ ಚಾಚಾರ ಚಹಾದ ಲೋಟ ಹೊರಗಿನ ಗೂಡಿನಲ್ಲೇ ಬೇರೆ ಇರುತ್ತಿತ್ತು. ಅದನ್ನೂ ಬರೆಯಬೇಕು.

ಆ ಲೋಟದಿಂದಲೇ ನನಗೆ ಮೊದಲ ಸುಳಿವು ಸಿಕ್ಕಿದ್ದು. ಸ್ಟೀಲಿನ ಲೋಟ. ನಾನು ಕುದಿಯುವ ಚಹಾವನ್ನೇ ಹಾಕುತ್ತಿದ್ದೆ. ಐದು ವರ್ಷ ಅವರು ಲುಂಗಿಯ ಅಂಚಿನಿಂದ ಅದನ್ನು ಹಿಡಿದು ಊದಿ ಊದಿ ಕುಡಿದದ್ದನ್ನು ನೋಡಿದ್ದೆ. ಆರನೆಯ ವರ್ಷದ ಚಳಿಗಾಲದಲ್ಲಿ ಬರಿಗೈಯಲ್ಲಿ ಹಿಡಿಯತೊಡಗಿದರು. ಕೈ ಗಟ್ಟಿಯಾಗಿದೆ ಎಂದುಕೊಂಡೆ. ಇನ್ನೊಂದು ದಿನ ಬೀಡಿ ಸುಟ್ಟು ಸುಟ್ಟು ಬೆರಳ ಸಂದಿಗೆ ಬಂದು ಚರ್ಮದ ವಾಸನೆ ಬಂತು. "ಚಾಚಾ, ಕೈ ಸುಡಾಕತ್ತದ!" ಎಂದು ಕೂಗಿದೆ. ಅವರು ಅದನ್ನು ಯಾರದೋ ಕೈ ನೋಡಿದ ಹಾಗೆ ನೋಡಿ ಬೀಡಿ ಎಸೆದರು.

ಅದರ ಮರುವಾರ ನಾಯಿ ಚೀರಿತು. ಅಷ್ಟು ವರ್ಷದಲ್ಲಿ ಮೊದಲ ಸಲ. ಚಾಚಾ ಕೈಯಲ್ಲಿದ್ದ ಕೂದಲನ್ನು ಬೆಳಕಿಗೆ ಹಿಡಿದರು. ಬುಡದಲ್ಲಿ ಹಸಿ ಇತ್ತು. ಜೀವ ಇದ್ದ ಕೂದಲು.

"ಇವತ್ತು ಬುಡ್ಢಾ ಹಟಾ ಮಾಡಾಕತ್ತಾನ" ಎಂದು ನಕ್ಕರು.

ಮತ್ತೊಂದು ವಾರಕ್ಕೆ ಮತ್ತೆ ಚೀರಿತು. ಮೂರನೆಯ ಸಲ ಟಾಂಗಾದ ಗೆಜ್ಜೆ ಸದ್ದು ಕೇಳುತ್ತಲೇ ನಾಯಿ ಹೋಗಿ ಒರಳಿನ ಹಿಂದೆ ಅಡಗಿತು. ಬೂದಿಯ ತಟ್ಟೆ ಮುಂದಿಟ್ಟುಕೊಂಡು ಚಾಚಾ ಬೇವಿನಡಿ ಸುಮ್ಮನೆ ಕೂತರು.

ನನಗೆ ಅನುಮಾನ ಬಂದಿತ್ತು. ನನ್ನ ತವರು ಗುಂಜಹಳ್ಳಿಯ ಶಾಲೆಗೆ ಸರಕಾರದ ಆರೋಗ್ಯದವರು ಬಂದು ನಮ್ಮ ಕಣ್ಣು ಮುಚ್ಚಿಸಿ, ಕೈಕಾಲಿಗೆ ಹಕ್ಕಿಯ ಗರಿ ಮುಟ್ಟಿಸಿ, ಎಲ್ಲಿ ಮುಟ್ಟಿತು ಹೇಳು ಎನ್ನುತ್ತಿದ್ದರು. ಗೊತ್ತಾಗದಿದ್ದ ಒಬ್ಬ ಹುಡುಗಿಯ ಮನೆಗೆ ಊರಿನವರು ನೀರು ಸಹ ಕೊಡಲಿಲ್ಲ. ಕುಷ್ಠ ಎಂಬ ಮಾತನ್ನು ನಮ್ಮ ಕಡೆ ಯಾರೂ ಆಡುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಅದನ್ನು ನಾನು ಬಾಯಿಬಿಟ್ಟರೆ ನಾಳೆಯಿಂದ ಇವರ ಟಾಂಗಾ ಯಾರು ಹತ್ತುತ್ತಾರೆ? ಅತ್ತೆ ಇವರನ್ನು ಹಿತ್ತಲಿಗೆ ಬಿಡುತ್ತಾರೆಯೇ? ಅದೂ ಅಲ್ಲದೆ ನಾನಾಗ ಏಳು ತಿಂಗಳ ಬಸುರಿ. ನನಗೂ ಹೆದರಿಕೆ.

ಆಗ ಅವರು ತಲೆ ಎತ್ತದೆಯೇ ಹೇಳಿದರು:

"ಬಾಯಾರ, ಆ ಬುಡ್ಢಾಂದು ಒಂದು ಕೂದಲ ತೊಗೋರಿ. ನಾ ಕಣ್ಣು ಮುಚ್ಚತೀನಿ. ಈ ಎರಡು ಬೆರಳಿಗೆ ಮುಟ್ಟಿಸ್ರಿ. ಮುಟ್ಟಿದಾಗ ನಾ ಹಾಂ ಅಂತೀನಿ."

ತಟ್ಟೆಯಂಚಿಗೆ ಅಂಟಿದ್ದ ಒಂದು ಕೂದಲು ತೆಗೆದುಕೊಂಡೆ. ಬಿರುಸಾದ, ಚೆನ್ನಾಗಿ ಬೆಳೆದ ಕೂದಲು, ಅವರೇ ಬೆಳೆಸಿದ್ದು. ಹೆಬ್ಬೆರಳಿಗೆ ಮುಟ್ಟಿಸಿದೆ. ಅವರು ಸುಮ್ಮನಿದ್ದರು. ಮತ್ತೆ ಮುಟ್ಟಿಸಿದೆ. ಮತ್ತೆ. ತೋರುಬೆರಳಿಗೆ ಬಂದು ಎರಡು ಸಲ ಒತ್ತಿದೆ, ಕೂದಲು ಬಾಗುವಷ್ಟು. ಅವರ ಮುಖ ಕಾಯುತ್ತಲೇ ಇತ್ತು.

"ಮುಟ್ಟಿಸಿದ್ರೇನ್ರಿ?"

"ಇನ್ನೂ ಇಲ್ಲ ಚಾಚಾ" ಎಂದೆ.

ಹಾಗೆಂದು ಕೂದಲನ್ನು ಮೇಲಕ್ಕೆ ಒಯ್ದು ಮುಂಗೈಗೆ ಮುಟ್ಟಿಸಿದೆ. "ಹಾಂ! ಹಾಂ, ಈಗ" ಎಂದರು. ಕಣ್ಣು ತೆರೆದು, "ಶುಕ್ರ್ ಹೈ" ಎಂದು ದೇವರನ್ನು ನೆನೆದು ಎದ್ದು, ಲುಂಗಿ ಬದಲಿಸಿ, ಗೂಟಕ್ಕೆ ಹಾಕಿ ಹೋದರು.

ವಾರದೊಳಗೆ ನನ್ನನ್ನು ಬಾಣಂತನಕ್ಕೆ ಗುಂಜಹಳ್ಳಿಗೆ ಕರೆದೊಯ್ದರು. ಕೂಸಿನೊಂದಿಗೆ ತಿರುಗಿ ಬಂದದ್ದು ಐದು ತಿಂಗಳಿಗೆ. ಬಸ್ಸಿಳಿದಾಗ ಚಾಚಾರ ಟಾಂಗಾವೇ ಎದುರಿಗೆ ನಿಂತಿತ್ತು. ಅವರು ಕೂಸನ್ನು ದೂರದಿಂದಲೇ ನೋಡಿ ದುವಾ ಮಾಡಿದರು. ಟಾಂಗಾ ಹೊರಟ ಮೇಲೆ ನೋಡುತ್ತೇನೆ, ಲಗಾಮು ಬೆರಳಲ್ಲಿ ಇಲ್ಲ. ಮುಂಗೈಗೆ ಸುತ್ತಿಕೊಂಡಿದ್ದಾರೆ. ಬೆರಳುಗಳು ಒಳಗೆ ಮಡಚಿ ನಿಂತಿವೆ, ಏನನ್ನೋ ಬಿಗಿಯಾಗಿ ಹಿಡಿದ ಹಾಗೆ. ಹಿಡಿದದ್ದು ಏನೂ ಇರಲಿಲ್ಲ.

ಅಂದೇ ನಮ್ಮವರಿಗೆ ಎಲ್ಲ ಹೇಳಿದೆ. ನಾನು ಸುಳ್ಳು ಹೇಳಿದ್ದೊಂದನ್ನು ಬಿಟ್ಟು. ಮರುದಿನ ಅವರು ಚಾಚಾರನ್ನು ದವಾಖಾನೆಗೆ ಕರೆದುಕೊಂಡು ಹೋದರು. ಗುಳಿಗೆಯಿಂದ ರೋಗ ನಿಲ್ಲುತ್ತದೆ, ಹೋದ ಬೆರಳು ತಿರುಗಿ ಬರುವುದಿಲ್ಲ ಎಂದರಂತೆ ಡಾಕ್ಟರು. "ಆರು ತಿಂಗಳ ಹಿಂದ ಯಾಕ ಬರಲಿಲ್ಲ? ಮನ್ಯಾಗ, ಕೆಲಸದಾಗ ಯಾರಿಗೂ ಇದು ಕಾಣಸಲಿಲ್ಲೇನು?" ಎಂದು ಗದರಿದರಂತೆ.

"ಚಾಚಾ ಏನಂದ್ರು?" ಎಂದು ನಾನು ಕೇಳಿದೆ.

"ಏನಂತಾರ? 'ಯಾರಿಗೂ ಕಾಣಸಲಿಲ್ರಿ ಸಾಹೇಬ್ರ' ಅಂದ್ರು."

ಸುದ್ದಿ ಸ್ಟೇಷನ್ನಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಜನ ಅವರ ಟಾಂಗಾ ಬಿಟ್ಟು ಹಿಂದಿನದನ್ನು ಹತ್ತಿದರು, ಆಮೇಲೆ ಆಟೋಗಳು ಬಂದವು. ನಮ್ಮ ಅತ್ತೆ ಹೊರಗಿನ ಗೂಡಿನ ಲೋಟವನ್ನು ತಿಪ್ಪೆಯಲ್ಲಿ ಹೂಳಿಸಿದರು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ, ಅದನ್ನೂ ನೋಡಿದ್ದೇನೆ. ಕುದುರೆ ಚಾಚಾರ ತಂಗಿಯ ಮಗನ ಪಾಲಾಯಿತು. ಚಾಚಾ ಮಾನ್ವಿಯಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವಾಗ ನಮ್ಮ ಮನೆಗೆ ಬರಲಿಲ್ಲ.

ನಾಯಿಯ ಕೂದಲು ಮತ್ತೆ ಸಿಕ್ಕುಗಟ್ಟಿತು. ಯಾರೂ ಇಲ್ಲವೆಂದು ನಾನೇ ಬೂದಿಯ ತಟ್ಟೆ ಹಿಡಿದು ಕೂತೆ. ನೋಡಿ ನೋಡಿ ಕಲಿತದ್ದು ಬೆರಳಿಗೆ ಇಳಿಯಲು ಒಂದು ವರ್ಷ ಬೇಕಾಯಿತು. ಅದು ಎಷ್ಟೋ ಸಲ ಚೀರಿತು, ಎಷ್ಟೋ ಸಲ ಕ್ಷಮಿಸಿತು.

ಮೂರು ವರ್ಷದ ಮೇಲೆ ಚೀಕಲಪರ್ವಿಯಲ್ಲಿ ದಾಸರ ಆರಾಧನೆಗೆ ಅತ್ತೆಯನ್ನು ಕರೆದುಕೊಂಡು ಹೊರಟಿದ್ದೆ. ಮಾನ್ವಿಯಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ, ಹೊಟೇಲಿನ ಗೋಡೆಗೆ ಒರಗಿ ಒಬ್ಬರು ಎರಡು ಮುಂಗೈಗಳ ನಡುವೆ ಗ್ಲಾಸು ಹಿಡಿದು ಚಹಾ ಕುಡಿಯುತ್ತಿದ್ದರು. ಇಳಿದು ಹೋದೆ.

"ಬಾಯಾರ! ಬುಡ್ಢಾ ಹ್ಯಾಂಗದಾನ್ರಿ? ಯಾರು ತೆಗೀತಾರ ಕೂದಲ?"

"ನಾನs ತೆಗೀತೀನಿ ಚಾಚಾ."

"ಚೀರತಾನೇನು?"

"ಈಗ ಇಲ್ಲ."

"ಹಂಗಾದ್ರ ಬೆರಳು ಛಲೋ ಅದಾವ" ಎಂದರು. ಮಗಳ ಅತ್ತೆಯವರು ಮನೆಯ ಹಿಂದೆ ಬೇರೆ ಗುಡಿಸಲು ಹಾಕಿಕೊಟ್ಟಿದ್ದಾರೆ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ ಎಂದು ಬೇಸರವಿಲ್ಲದೆ ಹೇಳಿದರು. ಡ್ರೈವರ್ ಹಾರ್ನ್ ಹೊಡೆದ. ನಾನು ತಿರುಗಿದಾಗ ಹಿಂದಿನಿಂದ ಕೇಳಿದರು:

"ಅವತ್ತು ನೀವು ಮುಟ್ಟಿಸಿದ್ರಿ, ಅಲ್ರಿ? ನಾ ಕಣ್ಣು ಪೂರಾ ಮುಚ್ಚಿರಲಿಲ್ಲ ಬಾಯಾರ."

ನಾನು ಸೆರಗು ಎಳೆದುಕೊಂಡು ಬಸ್ಸಿನ ಕಡೆ ನೋಡಿದೆ.

"ನೀವು ಹೂಂ ಅಂದಿದ್ರ ಅವತ್ತs ದವಾಖಾನಿಗೆ ಹೋಗತಿದ್ದೆ. ಇಲ್ಲ ಅಂದ್ರಿ. ನನಗೂ ಅದs ಬೇಕಾಗಿತ್ತು" ಎಂದರು. ಸಿಟ್ಟಿನ ದನಿಯಲ್ಲ. ನಾಯಿಯ ಕಿವಿ ಕೊನೆಗೆ ಮಾಡಬೇಕು ಎಂದು ಹೇಳಿಕೊಡುವಾಗಿನ ದನಿ. ಮತ್ತೆ ಹಾರ್ನ್ ಆಯಿತು. ನಾನು ಹೋಗಿ ಬಸ್ಸು ಹತ್ತಿದೆ.

ಎರಡು ವರ್ಷದ ನಂತರ ಅವರ ತಂಗಿಯ ಮಗ ಬಂದು ಸುದ್ದಿ ಹೇಳಿದ. ಚಳಿಗೆಂದು ಒಲೆಯ ಮುಂದೆ ಕೂತಿದ್ದರಂತೆ. ಕಾಲಿಗೂ ಅಷ್ಟರಲ್ಲಿ ಸ್ಪರ್ಶ ಹೋಗಿತ್ತು. ಹಿಮ್ಮಡಿ ಸುಟ್ಟದ್ದು ಅವರಿಗೆ ತಿಳಿಯಲಿಲ್ಲ, ಒಬ್ಬರೇ ಇದ್ದುದರಿಂದ ಬೇರೆ ಯಾರಿಗೂ ತಿಳಿಯಲಿಲ್ಲ. ಗಾಯ ಕೊಳೆತು, ಜ್ವರ ಬಂದು, ಒಂಬತ್ತು ದಿನಕ್ಕೆ ಹೋದರು.

ಕೊಟ್ಟಿಗೆಯ ಗೂಟದಲ್ಲಿ ನೀಲಿ ಚೌಕಡಿ ಲುಂಗಿ ಹಾಗೇ ಇತ್ತು. ತೆಗೆಯಲು ಹೋದರೆ ಅತ್ತೆ ಮೆಟ್ಟಿಲ ಮೇಲಿನಿಂದ, "ಇರಲಿ ಬಿಡವಾ, ಮುಟ್ಟಬ್ಯಾಡ" ಎಂದರು. ಅದು ಮಡಿಯ ಮಾತಾಗಿರಲಿಲ್ಲ.

ನಾಯಿಗೆ ಆಗ ಹಲ್ಲು ಉದುರಿ, ಕಣ್ಣಿಗೆ ಪೊರೆ ಬಂದಿತ್ತು. ಅಂದು ಮಧ್ಯಾಹ್ನ ಬೇವಿನಡಿ ಕೂತು ಅದರ ಬೆನ್ನಿನ ಕೂದಲು ತೆಗೆದೆ. ಎಳೆಯುವುದೇ ಬೇಕಾಗಲಿಲ್ಲ, ಬೆರಳು ತಾಗಿದರೆ ಬರುತ್ತಿತ್ತು. ಮುಂದಿನ ಕೂದಲು ಬೆಳೆಯುವುದರೊಳಗೆ ಅದೂ ಹೋಯಿತು.

ಈಗ ಆ ಮನೆಯಲ್ಲಿ ಹಿತ್ತಲಿಲ್ಲ, ಅತ್ತೆ ಇಲ್ಲ. ಚಾಚಾ ಕಲಿಸಿದ್ದು ನನ್ನ ಬೆರಳಲ್ಲಿದೆ, ಮಾನ್ವಿಯಲ್ಲಿ ಅವರು ಕೇಳಿದ್ದಕ್ಕೆ ಕೊಡಬೇಕಾಗಿದ್ದ ಒಂದು ಉತ್ತರ ಬಾಯಲ್ಲೇ ಉಳಿದಿದೆ.

ಹೌದು ಚಾಚಾ. ಮುಟ್ಟಿಸಿದ್ದೆ. ಹೆಬ್ಬೆರಳಿಗೆ ಮೂರು ಸಲ, ತೋರುಬೆರಳಿಗೆ ಎರಡು ಸಲ.