ವರ್ಲೀನಳ ಕೂಗು

ವರ್ಲೀನ್ ಕ್ವಾನ್ ಎಪ್ಪತ್ತರ ಹತ್ತಿರ ಬಂದು ಸಂಜೆ ಕಾಲೇಜಿಗೆ ಸೇರುತ್ತೇನೆಂದಾಗ ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಮಿಸಿಸಿಪಿಯ ಈ ಹತ್ತಿ ಸೀಮೆಯಲ್ಲಿ ಶಾಲೆ ಮಕ್ಕಳಿಗೆ ಅಡುಗೆ ಮಾಡಿ ಸವೆದ ಜೀವ ಅವಳದು. ಅದೇ ಶಾಲೆಯ ಬಸ್ಸು ಓಡಿಸಿದವಳು ನಾನು. ಈ ವಯಸ್ಸಿನಲ್ಲಿ ಪುಸ್ತಕ ಹಿಡಿದು ಯಾರನ್ನು ಉದ್ಧಾರ ಮಾಡಬೇಕಿತ್ತೋ!

"ಅಮೆರಿಕಕ್ಕೆ ಯಾರ್ಯಾರು ಎಲ್ಲೆಲ್ಲಿಂದ ಬಂದ್ರು, ಹೆಂಗೆ ಬಾಳಿದ್ರು ಅಂತ ಪಾಠ ಮಾಡ್ತಾರಂತೆ ಕಣೇ ಅರ್ನೆಸ್ಟಿನ್. ನಾನು ಯಾರು ಅಂತಾದ್ರೂ ಗೊತ್ತಾಗ್ಲಿ," ಅಂದಳು.

"ಅದನ್ನ ನಾನೇ ಹೇಳ್ತೀನಿ. ನಮ್ಮ ಚರ್ಚಿನ ಹಾಡುಗಾರ್ತಿ, ಮಹಾ ಹಟಮಾರಿ. ಫೀಸು ನಂಗೇ ಕೊಡು."

ಆದರೂ ಅವಳ ಜೊತೆ ಕ್ಲಾಸಿಗೆ ಹೋಗಿ ಕೂತೆ. ಕಾರು ನನ್ನದು ತಾನೆ.

ವರ್ಲೀನಳ ತಾತ ಚೀನಾದಿಂದ ಬಂದು ಇಲ್ಲಿ ಕಿರಾಣಿ ಅಂಗಡಿ ಇಟ್ಟವನು. ಅಜ್ಜಿ ಲೂವೀನಿಯಾ ನಮ್ಮ ಕಪ್ಪು ಜನದವಳು. ಬಣ್ಣದಲ್ಲಿ, ಮಾತಿನಲ್ಲಿ ವರ್ಲೀನ್ ಅಪ್ಪಟ ನಮ್ಮವಳೇ. ತಾತನಿಂದ ಅವಳಿಗೆ ಉಳಿದಿದ್ದು ಕ್ವಾನ್ ಅನ್ನುವ ಹೆಸರು, ಮತ್ತೆ ಆ ಕೂಗು. ಪ್ರತಿ ವಸಂತದಲ್ಲಿ ಇಡೀ ಕೋಳಿ ಬೇಯಿಸಿಕೊಂಡು ಚೀನೀಯರ ಸ್ಮಶಾನಕ್ಕೆ ಹೋಗುವುದು, ತಂತಿಬೇಲಿಯ ಹತ್ತಿರ ನಿಂತು "ಕ್ವಾನ್! ಏಳು! ಕೋಳಿ ತಂದಿದೀನಿ!" ಎಂದು ಗಂಟಲು ಹರಿಯುವಂತೆ ಕೂಗುವುದು. ಅಜ್ಜಿ ಕೂಗಿದಳು, ಅವ್ವ ಕೂಗಿದಳು, ಈಗ ಇವಳು. ಪಕ್ಕದ ಹೊಲದ ಟ್ರ್ಯಾಕ್ಟರಿನವರು ನೋಡಿ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಯಿತು?

ಒಂದು ಸಂಜೆ ಮೇಷ್ಟ್ರು, ಬಾಸ್ಟನ್ ಕಡೆಯ ಎಳೆ ಹುಡುಗ, ಅವರವರ ಮನೆಯ ಒಂದು ಪದ್ಧತಿ ಹೇಳಿ ಅಂದ. ವರ್ಲೀನ್ ಚರ್ಚಿನ ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದಳು. "ನಾವು ಚೀನಾದೋರು ಸತ್ತೋರನ್ನ ಕೂಗಿ ಊಟಕ್ಕೆ ಕರೀತೀವಿ," ಎಂದವಳೇ ಕೂಗಿಯೂ ತೋರಿಸಿದಳು. ಮೇಷ್ಟ್ರು ಬೆಚ್ಚಿಬಿದ್ದ.

ಮುಂದಿನ ಸಾಲಿನಲ್ಲಿ ಫ್ರೀಡಾ ಪ್ಯಾಂಗ್ ಕೂತಿದ್ದಳು. ಚೀನೀ ಅಂಗಡಿಯವರ ಮಗಳು, ನಮ್ಮದೇ ವಯಸ್ಸು, ಈ ಸೀಮೆಯ ಮಾತನ್ನು ನಮಗಿಂತ ಹೆಚ್ಚು ಎಳೆದೆಳೆದು ಆಡುವವಳು.

"ಕೂಗೋದಾ? ನಾವು ಕೂಗಲ್ಲ, ಮಿಸ್ ವರ್ಲೀನ್. ಸುಮ್ನೆ ತಲೆ ಬಾಗಿಸ್ತೀವಿ. ನಮ್ಮಪ್ಪನ ಮುಂದೆ ಹಂಗೆ ಕಿರುಚಿದ್ರೆ ಗೋರಿಯಿಂದ ಎದ್ದು ಬಂದು ಬಾರಿಸ್ತಾರೆ!"

ಎಲ್ಲರೂ ನಕ್ಕರು. ವರ್ಲೀನ್ ಕೂತುಬಿಟ್ಟಳು. ಕಾರಿನಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹಂಗಾದ್ರೆ ಅದು ಯಾರ ಪದ್ಧತಿನೇ? ನಮ್ಮಜ್ಜಿ ಕಡೇದಾ?"

"ನಮ್ಮೋರು ಯಾವತ್ತು ಸತ್ತೋರಿಗೆ ಕೋಳಿ ಬಿಟ್ಕೊಟ್ರು? ನಾವೇ ತಿಂದ್ಹಾಕ್ತೀವಿ."

ಅವಳು ನಗಲಿಲ್ಲ. "ಚೀನಾದ್ದು ಅಂತ ನನ್ ಹತ್ರ ಇದ್ದಿದ್ದು ಅದೊಂದೇ. ಅದೂ ಸುಳ್ಳಾದ್ರೆ ಈ ಹೆಸರೂ ಯಾರದೋ ಅನ್ಸುತ್ತೆ ಕಣೇ." ನನಗೆ ಫ್ರೀಡಾಳ ಮೇಲೆ ಮೈಯೆಲ್ಲ ಉರಿಯಿತು.

ವಸಂತದಲ್ಲಿ ಆ ಫ್ರೀಡಾಳೇ ವರ್ಲೀನಳಿಗೆ ಫೋನ್ ಮಾಡಿ, ಸ್ಮಶಾನಕ್ಕೆ ಒಟ್ಟಿಗೆ ಹೋಗೋಣ ಅಂದಳು. ನಾನು ಜಗಳಕ್ಕೆ ಸಿದ್ಧವಾಗಿಯೇ ಹೋದೆ. ಫ್ರೀಡಾ ನೇರ ಗೇಟು ದಾಟಿದಳು. ವರ್ಲೀನ್ ಎಂದಿನಂತೆ ಬೇಲಿಯ ಹತ್ತಿರ ನಿಂತಳು.

"ಯಾಕೆ ಅಲ್ಲೇ ನಿಂತ್ರಿ? ಗೇಟು ತೆಗೆದೇ ಇದೆಯಲ್ಲ."

"ನಾವು ಇಲ್ಲಿಂದಾನೇ."

"ಯಾಕೆ?"

ವರ್ಲೀನ್ ನನ್ನ ಮುಖ ನೋಡಿದಳು. ನನಗೇನು ಗೊತ್ತು? ಇಷ್ಟು ವರ್ಷ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತವಳು ಒಮ್ಮೆಯೂ ಕೇಳಿರಲಿಲ್ಲ.

ಫ್ರೀಡಾಳ ಮುಖ ಸಪ್ಪಗಾಯಿತು. "ಅಪ್ಪ ಹೇಳಿದ್ರು," ಎಂದಳು ಮೆಲ್ಲಗೆ. "ಕ್ವಾನ್ ಸತ್ತಾಗ ಅವರನ್ನ ಒಳಗೆ ತಗೊಂಡ್ರಂತೆ, ಹೆಂಡತೀನ ಗೇಟಲ್ಲೇ ತಡೆದ್ರಂತೆ. ತಡೆದೋರಲ್ಲಿ ನಮ್ಮಪ್ಪಾನೂ ಇದ್ರು. ಆಗ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅಲ್ವಾ, ಬಿಳಿಯರು ನಿಮ್ಮ ಜನದ ಜೊತೆ ನಮ್ಮನ್ನೂ ಸೇರಿಸಿಬಿಟ್ರೆ ಅವರ ಶಾಲೆ ನಮ್ಮ ಪಾಲಿಗೆ ಮುಚ್ಚುತ್ತೆ ಅಂತ ಭಯ. ಆ ಹೆಂಡತಿ ನಿಮ್ಮಜ್ಜಿ ಅಂತ ನಂಗೆ ಈಗ ಹೊಳೀತು."

ಕ್ವಾನನ ಗೋರಿ ಆ ಕೊನೆಯಲ್ಲಿ, ಪೆಕಾನ್ ಮರದ ಕೆಳಗಿತ್ತು. ಬೇಲಿಯಿಂದ ಅಲ್ಲಿಗೆ ಕೂಗದೆ ಹೇಗೆ ಕೇಳಿಸೀತು? ಅಯ್ಯೋ ಲೂವೀನಿಯಮ್ಮ!

ವರ್ಲೀನ್ ಕೋಳಿಯ ಪಾತ್ರೆ ಹಿಡಿದು ಒಳಗೆ ನಡೆದಳು, ಹಿಂದೆ ನಾನು. ಗೋರಿಯ ಮುಂದೆ ಪಾತ್ರೆ ಇಟ್ಟಳು. ಫ್ರೀಡಾ ತಲೆ ಬಾಗಿಸಿದಳು. ವರ್ಲೀನ್ ಕೂಗಲು ಎದೆ ತುಂಬ ಉಸಿರೆಳೆದಳು, ಹಾಗೇ ಬಿಟ್ಟಳು. ಕಲ್ಲಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು.

"ಅರ್ನೆಸ್ಟಿನ್, ಇಷ್ಟು ಹತ್ತಿರದಿಂದ ಏನಂತ ಕರೀಲೇ?"