ಬೆಳಗಿನ ಮಾವ, ಸಂಜೆಯ ಮಾವ

ಹೋದ ತಿಂಗಳು ಹೊಸಪೇಟೆಯ ಒಬ್ಬ ಕಣ್ಣಿನ ಡಾಕ್ಟರ್ ಎದುರು ನಾನು ನನ್ನ ಸೋದರಮಾವನಾಗಿ ಕೂತಿದ್ದೆ. ಮಾವ ನನ್ನ ಪಕ್ಕದಲ್ಲೇ, ತಾನು ತಾನಾಗಿಯೇ ಕೂತಿದ್ದ. ಡಾಕ್ಟರ್ ಮೇಡಂ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದರು. ಪೇಶಂಟ್ ಯಾರು ಅನ್ನುವ ಡೌಟು ಅವರಿಗೆ ಬಂದದ್ದು ಸಹಜ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಮೊದಲು ನನ್ನ ದಂಧೆ ಹೇಳಿಬಿಡುತ್ತೇನೆ. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುಗಾರ ನೀರು ಕುಡಿಯಲು ಹೋದಾಗ ಮೈಕ್ ಹಿಡಿದು ಮಿಮಿಕ್ರಿ ಮಾಡುವವ ನಾನು. (ಹಾಡುಗಾರ ಜಲ್ದಿ ಬರಲಿ ಎಂದು ಮುಂದಿನ ಸಾಲಿನವರು ಬೇಡಿಕೊಳ್ಳುವುದು ನನಗೂ ಕೇಳಿಸುತ್ತದೆ.) ಕಂಡಕ್ಟರು, ಹಂಪಿಯ ಗೈಡು, ಕಂಪ್ಲಿಯ ರೈಸ್ ಮಿಲ್ ಸಾಹುಕಾರ, ಯಾರನ್ನೂ ಬಿಟ್ಟಿಲ್ಲ. ಆದರೆ ನಮ್ಮ ಮನೆಯ ಫಂಕ್ಷನ್‌ಗಳಲ್ಲಿ ಸೂಪರ್ ಹಿಟ್ ಐಟಂ ಒಂದೇ: ಪಂಪಣ್ಣ ಮಾವ.

ಮಾವ ಅದಿರಿನ ಟಿಪ್ಪರ್ ಡ್ರೈವರ್. ಸಂಡೂರಿನ ಗಣಿಯಲ್ಲಿ ಲೋಡು, ಹೊಸಪೇಟೆಯ ಯಾರ್ಡ್‌ನಲ್ಲಿ ಅನ್‌ಲೋಡು. ಎಮ್ಮಿಗನೂರಿನಲ್ಲಿ ಭತ್ತದ ಗದ್ದೆ ಬಿಟ್ಟು ಸ್ಟೇರಿಂಗ್ ಹಿಡಿದವ. ಆ ಸ್ಟೇರಿಂಗ್ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದರೆ, ಗಾಡಿ ಹತ್ತುವ ಮೊದಲು ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಉಳಿದದ್ದನ್ನು ಅದಕ್ಕೂ ಹಚ್ಚುತ್ತಾನೆ.

ಬೆಳಗಿನ ಮಾವನನ್ನು ಮಿಮಿಕ್ರಿ ಮಾಡಲು ಆಗುವುದಿಲ್ಲ. ಎಲ್ಲರಂಥದ್ದೇ ಮುಖ. ಸಂಜೆಯ ಮಾವ ಬೇರೆ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿರುತ್ತದೆ. ಅದನ್ನು ಎತ್ತಲು ಹುಬ್ಬು ಹಣೆಯವರೆಗೆ ಏರುತ್ತದೆ, ಗದ್ದ ಆಕಾಶಕ್ಕೆ ಹೋಗುತ್ತದೆ. ಮೂಗಿನ ಮೇಲಿಂದ ಜಗತ್ತನ್ನು ನೋಡುತ್ತಾ, ಮಹಾರಾಜ ಪಲ್ಲಕ್ಕಿಯಿಂದ ಇಳಿದಂತೆ ಟಿಪ್ಪರ್‌ನಿಂದ ಇಳಿಯುತ್ತಾನೆ. ನಾನು ಇದನ್ನು ಮಾಡಿದರೆ ಮಕ್ಕಳು ಮುದುಕರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಮಾವನೂ ನಗುತ್ತಿದ್ದ.

ಬೆಳಿಗ್ಗೆ ನೆಟ್ಟಗೆ, ಸಂಜೆ ಕಣ್ಣು ಅರ್ಧ ಮುಚ್ಚು. ಯಾವ ಟೈಮ್‌ಟೇಬಲ್ ಇದು? ನಮ್ಮ ಕಡೆ ಇದಕ್ಕೆ ಉತ್ತರ ಒಂದೇ. ಅದರಲ್ಲೂ ಲಾರಿ ಡ್ರೈವರ್ ಅಂದಮೇಲೆ ಮುಗಿಯಿತು.

‘ಪಂಪಣ್ಣ ಏರಿಸ್ಯಾನ’ ಎಂದರು ಓಣಿಯವರು. ಟಿಪ್ಪರ್ ಮಾಲೀಕರಾದ ಸಾಹುಕಾರರೂ ಹಾಗೇ ತಿಳಿದರು. ಅತ್ತೆಯಂತೂ ರಿಸರ್ಚ್ ಮಾಡಿಬಿಟ್ಟಳು. ದಿನಾ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಿದಳು. ಏನೂ ಸಿಗಲಿಲ್ಲ. ‘ವಾಸನಿ ಬರದಂಗ ಕುಡಿಯೋದು ಕಲ್ತಾರ ನೋಡು, ಭಾಳ ಶ್ಯಾಣ್ಯಾ ಆಗ್ಯಾರ’ ಎಂದು ನನ್ನ ಹತ್ತಿರ ಅತ್ತಳು. ಯಾರೋ ಕೊಟ್ಟ ಕುಡಿತ ಬಿಡಿಸುವ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು. ಪುಡಿ ಕೆಲಸ ಮಾಡಿತು. ಆದರೆ ಕಣ್ಣಿನ ಮೇಲಲ್ಲ. ಮಾವ ಚೊಂಬು ಹಿಡಿದುಕೊಂಡು ಎರಡು ದಿನ ಗಾಡಿ ಹತ್ತಲಿಲ್ಲ.

ಒಮ್ಮೆ ಎಲ್ಲರೂ ಹಂಪಿಗೆ ಹೋಗಿದ್ದೆವು. ಸಂಜೆಯ ಹೊತ್ತಿಗೆ, ಬಾಳೆಹಣ್ಣು ತಿನ್ನುತ್ತಾ ನಿಂತಿದ್ದ ಒಬ್ಬ ಫಾರಿನ್ ಹೆಂಗಸು ಮಾವನನ್ನು ನೋಡಿ ನಕ್ಕು, ತಾನೂ ಒಂದು ಕಣ್ಣು ಹೊಡೆದಳು. ಆಮೇಲೆ ಕಮಲಾಪುರ ದಾಟುವವರೆಗೆ ಅತ್ತೆ ಮಾತಾಡಲಿಲ್ಲ. ದಾಟಿದ ಮೇಲೆ ಮಾತಾಡಿದಳು. (ಮಾತಾಡದಿದ್ದಾಗಲೇ ಚೆನ್ನಾಗಿತ್ತು.)

ಇಷ್ಟೆಲ್ಲ ಆದರೂ ಮಾವ ಒಮ್ಮೆಯೂ ‘ನಾನು ಕುಡಿಯಲ್ಲ’ ಎಂದು ಜೋರಾಗಿ ಹೇಳಲಿಲ್ಲ. ಕುಡುಕ ಅಂದರೆ ನಕ್ಕ. ನಾನು ಅಣಕಿಸಿದರೆ ನಕ್ಕ. ವಿಚಿತ್ರ ಅಲ್ಲವೇ?

ಹೋದ ತಿಂಗಳು ಅತ್ತೆಗೆ ಅವನ ಅಂಗಿಯ ಜೇಬಿನಲ್ಲಿ ಗಮ್ ಟೇಪಿನ ತುಂಡುಗಳು ಸಿಕ್ಕವು. ಒಂದಕ್ಕೆ ರೆಪ್ಪೆಯ ಕೂದಲು ಅಂಟಿತ್ತು. ಮಾವ ಸಂಜೆಯ ಟ್ರಿಪ್ಪಿನಲ್ಲಿ ರೆಪ್ಪೆಯನ್ನು ಎತ್ತಿ ಹಣೆಗೆ ಟೇಪ್ ಹಚ್ಚಿಕೊಂಡು ಗಾಡಿ ಓಡಿಸುತ್ತಿದ್ದ!

ಅತ್ತೆ ನನಗೆ ಫೋನ್ ಮಾಡಿದಳು. ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಕುಡುದವ್ರು ಯಾರರ ಟೇಪ್ ಹಚ್ಕೋತಾರೇನಪಾ?’ ಎಂದಳು.

ಹಾಗೆ ನಾವು ಮೇಡಂ ಹತ್ತಿರ ಬಂದದ್ದು. ಅದಕ್ಕೂ ಮೊದಲು ಮಾವ ಬೇರೆ ಕಡೆ ತೋರಿಸಿಕೊಂಡಿದ್ದನಂತೆ. ನಮ್ಮ ಜನ ದವಾಖಾನೆಗೆ ಹೋಗುವ ರೀತಿ ನಿಮಗೆ ಗೊತ್ತಲ್ಲ? ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಫಸ್ಟ್ ಟೋಕನ್ ಹಿಡಿಯುವುದು. ಆ ಹೊತ್ತಿಗೆ ಮಾವನ ಕಣ್ಣು ನೀಟಾಗಿ ತೆರೆದಿರುತ್ತದೆ. ಡಾಕ್ಟರಾದರೂ ಏನು ಮಾಡಿಯಾರು? ‘ಧೂಳ್ರೀ’ ಎಂದು ಡ್ರಾಪ್ಸ್ ಬರೆದುಕೊಟ್ಟಿದ್ದರು. ನಾಯಿಯ ಬಣ್ಣ ಕೂಡ ಕೆಂಪಾಗಿರುವ ಊರಿನಲ್ಲಿ ಧೂಳು ಅಂದರೆ ಯಾರು ಇಲ್ಲ ಅನ್ನುತ್ತಾರೆ?

ನಾವೂ ಜಾಣರು. ಅತ್ತೆಯನ್ನೂ ಕರೆದುಕೊಂಡು ಬೆಳಿಗ್ಗೆಯೇ ಹೋದೆವು.

‘ಏನ್ ತ್ರಾಸು?’ ಎಂದರು ಮೇಡಂ.

‘ಏನಿಲ್ರಿ’ ಎಂದ ಮಾವ.

ನನಗೆ ತಡೆಯಲಾಗಲಿಲ್ಲ. ‘ಮೇಡಂ, ಸಂಜೀಕ ಹಿಂಗ ಆಗ್ತಾನ್ರಿ’ ಎಂದವನೇ ರೆಪ್ಪೆ ಇಳಿಸಿ, ಹುಬ್ಬು ಏರಿಸಿ, ಗದ್ದ ಎತ್ತಿ ಸಂಜೆಯ ಮಾವನಾದೆ. ನರ್ಸ್ ಕಿಸಕ್ಕೆಂದಳು. ಮೇಡಂ ಕೂಡ ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಇನ್ನೊಮ್ಮೆ ಮಾಡ್ರಿ’ ಎಂದರು.

ನನ್ನ ಜೀವನದಲ್ಲಿ ಸಿಕ್ಕ ಮೊದಲ ಒನ್ಸ್ ಮೋರ್ ಅದು.

ಮೇಡಂ ಮಾವನಿಗೆ ಫ್ಯಾನ್ ನೋಡಲು ಹೇಳಿದರು. ‘ಕಣ್ಣು ಕೆಳಗ ತರಬ್ಯಾಡ್ರಿ, ನೋಡ್ತಾನ ಇರ್ರಿ.’ ಮಾವ ನೋಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಎಡಗಣ್ಣಿನ ರೆಪ್ಪೆ ಅಂಗಡಿಯ ಶಟರಿನಂತೆ ನಿಧಾನಕ್ಕೆ ಇಳಿಯತೊಡಗಿತು. ಬೆಳ್ಳಂಬೆಳಿಗ್ಗೆ ಸಂಜೆಯ ಮಾವ ಬಂದುಬಿಟ್ಟಿದ್ದ.

ಮೇಡಂ ನರ್ಸನ್ನು ಎದುರಿನ ಕಬ್ಬಿನ ಹಾಲಿನ ಅಂಗಡಿಗೆ ಕಳಿಸಿ ಐಸ್ ತರಿಸಿದರು. ನನಗೆ ಹಾಲೂ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಐಸನ್ನು ಗ್ಲೌಸಿನಲ್ಲಿ ಕಟ್ಟಿ, ಮುಚ್ಚಿದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು! ನಾನು ಚಪ್ಪಾಳೆ ಹೊಡೆದೆ. ಯಾರೂ ಜೊತೆ ಕೊಡಲಿಲ್ಲ.

‘ಒಂದು ವಸ್ತು ಎರಡೆರಡು ಕಾಣ್ತದೇನ್ರಿ?’ ಎಂದು ಮೇಡಂ ಕೇಳಿದರು.

ಮಾವ ಅತ್ತೆಯ ಮುಖ ನೋಡಿದ. ಆಮೇಲೆ ನೆಲಕ್ಕೆ ಹೇಳಿದ: ‘ಟೇಪ್ ಹಚ್ಚಿದ್ರ ಎದುರಿನ ಲಾರಿ ಎರಡಾಗ್ತಾವ್ರಿ. ಹಚ್ಚಲಿಲ್ಲಂದ್ರ ಅರ್ಧ ಆಗ್ತೈತಿ.’

ಸಂಡೂರಿನ ಆ ತಿರುವುಗಳು, ಸಾಲುಗಟ್ಟಿ ಬರುವ ಲಾರಿಗಳು, ಅವುಗಳ ನಡುವೆ ಸೈಕಲ್ ಮೇಲೆ ಹೋಗುವ ಜನ. ಎಲ್ಲವೂ ಎರಡೆರಡು.

‘ಮತ್ತ ಯಾಕ ಹೇಳಲಿಲ್ಲೋ ಮಾವ? ಊರೆಲ್ಲ ಕುಡುಕ ಅಂತಿದ್ರ ನಕ್ಕೋತ ಕುಂತಿದ್ಯಲ್ಲ?’

‘ಲೇ ಹುಚ್ಚಾ, ಕುಡಿಯೋನಿಗೆ ಗಾಡಿ ಕೊಡ್ತಾರ. ಬೈದು ಕೊಡ್ತಾರ, ಆದ್ರ ಕೊಡ್ತಾರ. ಕಣ್ಣು ಕೆಟ್ಟೋನಿಗೆ ಯಾವ ಸಾಹುಕಾರ ಕೊಡ್ತಾನ?’

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಜ್ಜಿಗೆಯ ಪುಡಿ ನೆನಪಾಗಿರಬೇಕು.

ಕಾಯಿಲೆಗೆ ಮೇಡಂ ಒಂದು ಉದ್ದನೆಯ ಹೆಸರು ಹೇಳಿದರು, ಮಯಸ್ತೇನಿಯಾ ಅಂತ. ಮಾವನಿಗೆ ತಿಳಿಯುವ ಹಾಗೆಯೂ ಹೇಳಿದರು. ‘ರೆಪ್ಪಿ ಎತ್ತು ಅಂತ ನರ ಫೋನ್ ಮಾಡ್ತದ್ರಿ, ಸ್ನಾಯು ಎತ್ತಂಗಿಲ್ಲ. ಮಿಸ್ಡ್ ಕಾಲ್ ಆಗ್ತದ. ದಣಿದಷ್ಟು ಜಾಸ್ತಿ. ರೆಸ್ಟ್ ತಗೊಂಡ್ರ ಮತ್ತ ಸಿಗ್ನಲ್.’ ಗುಳಿಗೆ ಬರೆದರು. ರಕ್ತ ಪರೀಕ್ಷೆಗೂ ಎದೆಯ ಸ್ಕ್ಯಾನಿಂಗ್‌ಗೂ ಬಳ್ಳಾರಿಗೆ ಹೋಗಲು ಹೇಳಿದರು.

‘ಬಿದ್ದಿದ್ದು ಕಣ್ಣು, ಎದಿ ಯಾಕ್ರಿ?’ ಎಂದ ಮಾವ. ಎದೆಯೊಳಗಿನ ಒಂದು ಗ್ರಂಥಿ ಉಬ್ಬಿದ್ದರೂ ಹೀಗಾಗುತ್ತದಂತೆ. ನುಂಗಲು, ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕು ಎಂದರು. ಎರಡೆರಡು ಕಾಣುವುದು ಪೂರಾ ನಿಲ್ಲುವವರೆಗೆ, ತಾವೇ ಹ್ಞೂಂ ಅನ್ನುವವರೆಗೆ, ಸ್ಟೇರಿಂಗ್ ಮುಟ್ಟಬಾರದು ಎಂದರು. ಮಾವನಿಗೆ ಕೇಳಿಸಿದ್ದು ಕೊನೆಯದು ಮಾತ್ರ.

ಸಿಕ್ಕಿದ್ದೇ ಛಾನ್ಸು ಎಂದು ನಾನೂ ಕಣ್ಣು ಮುಂದೆ ಒಡ್ಡಿದೆ. ‘ನಂದೂ ಇಳಿತಾವ್ರಿ ಮೇಡಂ, ಮಧ್ಯಾಹ್ನ ಉಂಡಮ್ಯಾಲೆ.’

‘ನಿಮ್ಮದು ಸೋಮಾರಿತನ. ಅದಕ್ಕ ನಮ್ಮಲ್ಲಿ ಔಷಧ ಇಲ್ಲ’ ಎಂದರು.

ಆದರೆ ರೆಪ್ಪೆ ಇಳಿದವರೆಲ್ಲ ಮಾವನಂಥವರಲ್ಲವಂತೆ. ವಯಸ್ಸಾದಂತೆ ರೆಪ್ಪೆ ಎತ್ತುವ ಸ್ನಾಯು ಸಡಿಲವಾಗಿ ಇಳಿಯುವುದೇ ಹೆಚ್ಚು. ದೃಷ್ಟಿಗೆ ಅಡ್ಡ ಬಂದರೆ ಸಣ್ಣ ಆಪರೇಷನ್ ಮಾಡಿ ಎತ್ತುತ್ತಾರೆ. ಪೆಟ್ಟು ಬಿದ್ದು ಆಗಬಹುದು, ಶುಗರ್‌ನಿಂದಲೂ ಆಗಬಹುದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ಕೂಸು ಗದ್ದ ಎತ್ತಿ ನೋಡಿದರೆ ‘ಎಷ್ಟು ಗತ್ತು ನೋಡು’ ಎಂದು ಮುದ್ದು ಮಾಡುತ್ತೇವಲ್ಲ, ಅಲ್ಲೇ ಮೋಸ ಹೋಗುವುದು. ರೆಪ್ಪೆ ಮುಚ್ಚಿದ ಕಣ್ಣು ನೋಡುವುದನ್ನೇ ಕಲಿಯದೆ ಉಳಿದುಬಿಡಬಹುದು, ಬೇಗ ತೋರಿಸಬೇಕು. ಇನ್ನು ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದು ಜೊತೆಗೆ ತಲೆ ಸಿಡಿಯುವಷ್ಟು ನೋವಾದರೆ ಟೋಕನ್ ಗೀಕನ್ ನೋಡಬೇಡಿ, ಓಡಿ.

(ಸಂಜೆಗೆ ಬರುವ ಕಾಯಿಲೆಯನ್ನು ದಯವಿಟ್ಟು ಸಂಜೆಯೇ ತೋರಿಸಿ. ಎಲ್ಲರ ಮನೆಯಲ್ಲೂ ಮಿಮಿಕ್ರಿಯವನು ಇರುವುದಿಲ್ಲ. ಅದು ನಿಮ್ಮ ಪುಣ್ಯ.)

ಗುಳಿಗೆ ಹಿಡಿಯಿತು. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿ ಸರಿಯಿತ್ತು. ಈಗ ಸಂಜೆಯೂ ಮಾವನ ರೆಪ್ಪೆ ಮುಕ್ಕಾಲು ಪಾಲು ಎದ್ದೇ ಇರುತ್ತದೆ. ನನ್ನ ಹಿಟ್ ಐಟಂ ಹೋಯಿತು. ಆದರೆ ಒಮ್ಮೊಮ್ಮೆ ಎರಡೆರಡು ಕಾಣುವುದಿದೆ. ಮೇಡಂ ಇನ್ನೂ ಹ್ಞೂಂ ಅಂದಿಲ್ಲ.

ಮೊನ್ನೆ ಸಂಜೆ ಸಾಹುಕಾರರು ತಾವೇ ಮನೆಗೆ ಬಂದರು. ಮಾವನ ಮುಖ ನೋಡಿ ಖುಷಿಯಾದರು.

‘ಮಸ್ತ್ ಆಗಿಯಲ್ಲೋ ಪಂಪಣ್ಣ! ಕುಡಿಯೋದು ಬಿಟ್ರ ಹಿಂಗ ನೋಡು. ಸೋಮವಾರ ಬಾ, ಹೊಸ ಗಾಡಿ ಬಂದೈತಿ, ನಿನಗ ಕೊಡ್ತೀನಿ.’

ಹೊಸ ಗಾಡಿ! ಮಾವ ನನ್ನನ್ನು ನೋಡಿದ. ಅತ್ತೆಯನ್ನು ನೋಡಿದ. ಒಂದು ಹ್ಞೂಂ ಅಂದರೆ ಸಾಕಿತ್ತು, ಸುಳ್ಳು ಕೂಡ ಸಾಹುಕಾರರೇ ಹೇಳಿ ಮುಗಿಸಿದ್ದರು.

‘ನಾ ಯಾವತ್ತೂ ಕುಡದಿಲ್ರಿ’ ಎಂದ ಮಾವ. ‘ಕಣ್ಣಿನ ಜಡ್ಡು ಐತ್ರಿ. ಡಾಕ್ಟರ್ ಹೇಳೋತನಕ ಗಾಡಿ ಮುಟ್ಟಂಗಿಲ್ರಿ.’

ಸಾಹುಕಾರರ ನಗು ಇಳಿಯಿತು. ಕುರ್ಚಿಯಿಂದ ಎದ್ದು, ಚಪ್ಪಲಿ ಹುಡುಕುತ್ತಾ, ನಿಜವಾದ ಸಂಕಟದಿಂದಲೇ ಹೇಳಿದರು:

‘ಅಯ್ಯ, ಅದಕ್ಕಿಂತ ಕುಡಿಯೋದ ಚಲೋ ಇತ್ತಲ್ಲೋ ಪಂಪಣ್ಣ!’

ಮಾವನ ರೆಪ್ಪೆಗೆ ಗುಳಿಗೆ ಸಿಕ್ಕಿದೆ. ಈ ಮಾತಿಗೆ ಯಾವ ಗುಳಿಗೆ ಕೊಡುತ್ತೀರಿ ಮೇಡಂ?