ಅಕ್ಕಿಯ ಕಾಯಿಲೆ ಅಂದವಳು ನಾನೇ

ನನಗೆ ಬಾಯಿ ಜಾಸ್ತಿ. ಮನೆಯಲ್ಲಿ ಕನ್ನಡದಲ್ಲಿ ಬೈತೀನಿ, ಕೆಲಸದಲ್ಲಿ ತಮಿಳಿನಲ್ಲಿ. ತಮಿಳುನಾಡಿನ ಉತ್ತಮಪಾಳಯಂನಿಂದ ತಿಂಗಳಿಗೊಮ್ಮೆ ಜೀಪು ಹತ್ತಿ ಬೆಟ್ಟದ ಮೇಲೆ ಪಳಿಯರೆಂಬ ಕಾಡುಜನರ ಹಾಡಿಗೆ ಹೋಗುವ ನರ್ಸು ನಾನು. ಮೊದಲೆಲ್ಲ ಜ್ವರ, ಹೆರಿಗೆ ಅಂತ ಹೋಗುತ್ತಿದ್ದೆ. ಈಗ ಯಾರ ಬೆರಳು ಚುಚ್ಚಿದರೂ ಸಕ್ಕರೆ ಕಾಯಿಲೆ. ಕಾಡುಗೆಣಸು ಅಗೆದು ತಿಂದು ಬದುಕಿದ್ದ ಜನ. ಜೇನಿನ ಕಾಲ ಬಿಟ್ಟರೆ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅಡ್ಡಿ ಬಂತು, ರೇಷನ್ ಅಕ್ಕಿ ಬಂತು, ಮೂರು ಹೊತ್ತೂ ಅದೇ ಅನ್ನ, ಅದರ ಮೇಲೆ ಸಕ್ಕರೆ ಸುರಿದ ಟೀ.

ಅಲ್ಲೊಬ್ಬ ಜೇನು ಕೀಳುವವನಿದ್ದ. ಬಂಡೆಯ ನೆತ್ತಿಯಿಂದ ಬಳ್ಳಿಯ ಹಗ್ಗ ಹಿಡಿದು ಇಳಿಯುತ್ತಿದ್ದ. ಮೇಲೆ ಹಗ್ಗ ಕಾಯುವವನು ಹೆಂಡತಿಯ ತಮ್ಮನೇ ಆಗಬೇಕಂತೆ. ಅಕ್ಕ ಗಂಡನನ್ನು ಕಳಕೊಳ್ಳಲಿ ಅಂತ ಯಾವ ತಮ್ಮನೂ ಕೈ ಬಿಡಲ್ಲವಲ್ಲ! "ಹೊಗೆಯಲ್ಲಿ ಕಣ್ಣು ಕಾಣಲ್ಲ ಅಕ್ಕಾ, ಬಂಡೆಯ ಬಿರುಕು ಹುಡುಕೋದು ಕಾಲೇ" ಅನ್ನುತ್ತಿದ್ದ.

ಅವನಿಗೂ ಸಕ್ಕರೆ ಬಂತು. ಮಾತ್ರೆ ಕೊಟ್ಟರೆ, ಗಟ್ಟಿಮುಟ್ಟಾಗಿದ್ದೀನಲ್ಲ, ನನಗೇನು ಕಾಯಿಲೆ ಅಂತ ನಕ್ಕ. ನನಗೆ ರೇಗಿತು. ಜೀಪಿನವನು ಬೇರೆ ಹಾರನ್ ಹೊಡೆಯುತ್ತಿದ್ದ.

"ಇದು ಅಕ್ಕಿಯ ಕಾಯಿಲೆ ಕಣಪ್ಪಾ! ಆ ರೇಷನ್ ಅನ್ನ ತಿನ್ನೋ ದಿನವೆಲ್ಲ ಮಾತ್ರೆ ನುಂಗಬೇಕು" ಅಂತ ಗದರಿದೆ.

ಅವನು ತಲೆಯಾಡಿಸಿದ. ಸದ್ಯ, ಅರ್ಥವಾಯಿತು ಅಂದುಕೊಂಡೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜೇನಿನ ಕಾಲ ಬಂತು. ಅವನೂ ಅವನ ಭಾಮೈದನೂ ಮೇಲಿನ ಕಾಡಿಗೆ ಹೋದವರು ಒಂದು ತಿಂಗಳು ಅಲ್ಲೇ ಉಳಿದರು. ಅಕ್ಕಿ ಒಯ್ದಿರಲಿಲ್ಲ, ಗೆಣಸು, ಜೇನು, ಅಷ್ಟೇ. ಅಕ್ಕಿ ಇಲ್ಲದ ಮೇಲೆ ಮಾತ್ರೆ ಯಾಕೆ ಅಂತ ಅದನ್ನು ಗುಡಿಸಲ ಸೂರಿಗೆ ಸಿಕ್ಕಿಸಿ ಹೋಗಿದ್ದ. ಸಕ್ಕರೆ ಆಗಲೇ ಅವನ ಕಾಲನ್ನು ಮರಗಟ್ಟಿಸಿತ್ತು. ಅಂಗಾಲಿಗೆ ಬಿದಿರ ಸಿಬಿರು ಹೊಕ್ಕರೂ ಗೊತ್ತಾಗಲಿಲ್ಲ. ಗಾಯ ಕೊಳೆತು ನಾರಿದಾಗ ಭಾಮೈದ ನೋಡಿ, ಬೆನ್ನ ಮೇಲೆ ಹೊತ್ತು ಇಳಿಸಿದ.

ತೇನಿಯ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕಾಲು ಕತ್ತರಿಸಿದರು. ನೋಡಲು ಹೋದೆ. ಭಾಮೈದ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಮಾತ್ರೆ ಯಾಕೆ ಬಿಟ್ಟೆ ಅಂತ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದಲ್ಲಿದ್ದವನೇ ಮೊಣಕೈ ಊರಿ ಎದ್ದು ಕೂತ.

"ಆಣೆ ಅಕ್ಕಾ, ಮೇಲೆ ಒಂದು ಅಗುಳೂ ಅನ್ನ ತಿನ್ನಲಿಲ್ಲ. ಬೇಕಾದರೆ ಇವನನ್ನೇ ಕೇಳಿ."

ಭಾಮೈದ ಹೌದು ಅಂತ ತಲೆಯಾಡಿಸಿದ.

ತಪ್ಪು ನಿನ್ನದಲ್ಲಪ್ಪಾ, ನನ್ನದು ಅನ್ನಬೇಕಿತ್ತು. ಊರಿಗೆಲ್ಲ ಬೈಯುವ ಈ ಬಾಯಿಗೆ ಅದೊಂದು ಮಾತು ಇವತ್ತಿಗೂ ಬಂದಿಲ್ಲ.